ಹಿಮನದಿಗೆ ತಕ್ಕ ಕಾಲು

ಅರ್ಜಿಯಲ್ಲಿ ಮೂರು ಚೌಕಗಳಿದ್ದವು: ಸಾಧಾರಣ, ಉತ್ತಮ, ಅತ್ಯುತ್ತಮ. ನಿಮ್ಮ ದೇಹಸಾಮರ್ಥ್ಯ ಯಾವುದೆಂದು ನೀವೇ ಗುರುತು ಹಾಕಬೇಕು. ಅದರ ಕೆಳಗೆ ಇನ್ನೊಂದು ಸಾಲು: ಗೈಡಿಗೆ ಗೊತ್ತಿರಬೇಕಾದ ಕಾಯಿಲೆ ಏನಾದರೂ ಇದೆಯೆ?

2022ರ ಬೇಸಿಗೆಯಲ್ಲಿ ಜಿನೀವಾದ ವಿಚಾರಸಂಕಿರಣವೊಂದಕ್ಕೆ ಹೋಗುವುದಿತ್ತು. ಅದು ಮುಗಿದ ಮರುದಿನ ನಾವು ಆರು ಮಂದಿ ಸಂಶೋಧನಾ ವಿದ್ಯಾರ್ಥಿಗಳು ಗಡಿ ದಾಟಿ ಫ್ರಾನ್ಸಿನ ಶಾಮೊನಿ ಕಣಿವೆಗೆ ಹೋಗಿ, ಗೈಡ್ ಜೊತೆ ಮೆರ್ ದ ಗ್ಲಾಸ್ ಎಂಬ ಹಿಮನದಿಯ ಮೇಲೆ ಅರ್ಧ ದಿನ ನಡೆದು ಬರುವುದೆಂದು ಮಾತಾಗಿತ್ತು. ಅರ್ಜಿಯನ್ನು ಬೆಂಗಳೂರಿನಿಂದಲೇ ತುಂಬಿ ಕಳಿಸಬೇಕಿತ್ತು. "ಕುಮಾರ ಪರ್ವತ ಹತ್ತಿ ಇಳಿದವರಿಗೆ ಇದೇನು ಮಹಾ, ಉತ್ತಮ ಅಂತ ಹಾಕು" ಎಂದ ಹಾಸ್ಟೆಲಿನ ಗೆಳೆಯ. ಹಾಕಿದೆ. ಕಾಯಿಲೆಯ ಸಾಲನ್ನು ಖಾಲಿ ಬಿಟ್ಟೆ.

ಖಾಲಿ ಬಿಡುವಂತಿರಲಿಲ್ಲ. ಚಿಕ್ಕಂದಿನಿಂದ ನನಗೆ ಉಬ್ಬಸ. ವರ್ಷಗಳಿಂದ ಹತೋಟಿಯಲ್ಲಿದ್ದರೂ ಇನ್‌ಹೇಲರ್ ಚೀಲದಲ್ಲಿ ಇದ್ದೇ ಇರುತ್ತದೆ. ತಂಪಾದ ಒಣ ಗಾಳಿಯಲ್ಲಿ ಮೈಮುರಿದು ನಡೆದರೆ ಅದು ಕೆರಳಬಹುದೆಂಬುದೂ ಗೊತ್ತು. ಆದರೂ ಬರೆಯಲಿಲ್ಲ. ಯಾಕೆಂದು ಆಗ ಕೇಳಿಕೊಂಡಿದ್ದರೆ ಅದೊಂದು ದೊಡ್ಡ ವಿಷಯವಲ್ಲ ಎನ್ನುತ್ತಿದ್ದೆನೇನೋ. ನಿಜವಾದ ಕಾರಣ ನಾಚಿಕೆ. ಆರು ಜನರಲ್ಲಿ ಕೈಲಾಗದ ಒಬ್ಬರು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ನನ್ನ ಸಂಶೋಧನೆ ಪ್ರವಾಸ ಸಾಹಿತ್ಯದ ಬಗ್ಗೆ. ಹೊರಡುವ ಮುಂಚಿನ ವಾರಗಳಲ್ಲಿ ಶಾಮೊನಿಯ ಹಳೆಯ ಪ್ರವಾಸಿಗರ ಬರಹಗಳನ್ನು ಓದುತ್ತ ಹೋದಂತೆ, ಆ ಮೂರು ಚೌಕಗಳ ಹಿಂದೆ ಸುಮಾರು ಮುನ್ನೂರು ವರ್ಷದ ಚರಿತ್ರೆ ಇರುವುದು ಕಾಣಿಸಿತು. ಹಿಮದ ಮೇಲೆ ಕಾಲಿಡಲು ಯಾರು ತಕ್ಕವರು? ಅದನ್ನು ಹೇಳುವವರು ಯಾರು? ಯಾವ ಅಳತೆಗೋಲಿನಿಂದ?

*

1741ರಲ್ಲಿ ವಿಲಿಯಂ ವಿಂಡಮ್, ರಿಚರ್ಡ್ ಪೊಕಾಕ್ ಮತ್ತು ಇನ್ನು ಕೆಲವರು ಇಂಗ್ಲಿಷರು ಜಿನೀವಾದಿಂದ ಶಾಮೊನಿಗೆ ಬಂದರು. ಆಗ ಅದು ಹೊರಗಿನವರು ಅಪರೂಪಕ್ಕೆ ಬರುತ್ತಿದ್ದ ಕಣಿವೆ. ಹಿಮನದಿಯನ್ನು ನೋಡಲು ಮೇಲಕ್ಕೆ ಹತ್ತಬೇಕು ಎಂದಾಗ ಊರಿನವರು ಅನುಮಾನಿಸಿದರು. ಆ ದಾರಿಯಲ್ಲಿ ಓಡಾಡುತ್ತಿದ್ದವರು ಸ್ಫಟಿಕದ ಹರಳು ಹುಡುಕುವವರು, ಕಾಡು ಮೇಕೆಯಂಥ ಶಾಮ್ವಾ ಮೃಗದ ಬೇಟೆಗಾರರು. ಪೇಟೆಯ ದೊರೆಗಳಿಗೆ ಇದು ಆಗುವ ಕೆಲಸವಲ್ಲ ಎಂಬುದು ಅವರ ಲೆಕ್ಕ.

ವಿಂಡಮ್ ಹಟ ಬಿಡಲಿಲ್ಲ. ಆದರೆ ಹೊರಡುವ ಮೊದಲು ತಂಡಕ್ಕೆ ನಾಲ್ಕು ನಿಯಮ ಮಾಡಿದ. ಸಾಲು ಬಿಟ್ಟು ಯಾರೂ ಮುಂದೆ ಹೋಗಕೂಡದು. ಮುಂದಿರುವವನು ನಿಧಾನವಾಗಿ, ಒಂದೇ ಸಮನೆ ನಡೆಯಬೇಕು. ದಣಿವಾದರೆ, ಉಸಿರು ಕಟ್ಟಿದರೆ ಯಾರು ಬೇಕಾದರೂ ನಿಲ್ಲಿ ಎನ್ನಬಹುದು. ಒರತೆ ಸಿಕ್ಕ ಕಡೆಯಲ್ಲೆಲ್ಲ ವೈನಿಗೆ ನೀರು ಬೆರೆಸಿ ಕುಡಿಯಬೇಕು. ಹೀಗೆ ಹೆಚ್ಚುಕಮ್ಮಿ ಐದು ಗಂಟೆ ಹತ್ತಿ ಅವರು ಮೊಂಟಾವೇರ್ ಎಂಬ ಜಾಗ ತಲುಪಿದರು, ಅಲ್ಲಿಂದ ಕೆಳಗಿಳಿದು ಮಂಜಿನ ಮೇಲೆ ಕಾಲಿಟ್ಟರು. ವಿಂಡಮನ ಬರಹ 1744ರಲ್ಲಿ ಅಚ್ಚಾಗಿ, ಆ ಹಿಮನದಿ ಯೂರೋಪಿಗೆಲ್ಲ ಗೊತ್ತಾಯಿತು.

ಮೊದಲ ಓದಿನಲ್ಲಿ ಈ ನಿಯಮಗಳನ್ನು ನಾನು ಸುಮ್ಮನೆ ದಾಟಿಹೋಗಿದ್ದೆ. ಆಮೇಲೆ ನೋಡಿದರೆ ಅವುಗಳಲ್ಲಿ ಒಂದು ವಿಶೇಷವಿದೆ. ಯಾರು ಬಲಶಾಲಿ ಎಂದು ಅವು ಕೇಳುವುದೇ ಇಲ್ಲ. ದಣಿವು ಬಂದೇ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದಷ್ಟೇ ಅವುಗಳ ಚಿಂತೆ. ಮೂರನೆಯ ನಿಯಮವಂತೂ ದಣಿದವರಿಗೆ ಒಂದು ಹಕ್ಕನ್ನೇ ಕೊಟ್ಟಿದೆ. ಮುಂದಿನ ಕತೆಯೆಲ್ಲ ಈ ಹಕ್ಕು ಕಳೆದುಹೋಗಿ ಮತ್ತೆ ಸಿಕ್ಕಿದ ಕತೆ ಎಂದು ನನಗನ್ನಿಸುತ್ತದೆ.

*

ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹುಡುಕಿದವನು ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮನೆತನದ ಹೆಸರು ಹೊಸದಲ್ಲ. ನಾವು ಭಾಷಾವಿಜ್ಞಾನದ ತರಗತಿಯಲ್ಲಿ ಓದುವ ಫರ್ಡಿನಾಂಡ್ ಸೊಸ್ಯೂರ್ ಇವನ ಮರಿಮಗ. 1760ರಲ್ಲಿ ಮಾಂಟ್ ಬ್ಲಾಂಕ್ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದವನು ಈತನೇ. 1786ರ ಆಗಸ್ಟಿನಲ್ಲಿ ಊರಿನ ವೈದ್ಯ ಪಕಾರ್, ಹರಳು ಹುಡುಕುವ ಜಾಕ್ ಬಾಲ್ಮಾ ಇಬ್ಬರೂ ಶಿಖರ ಮುಟ್ಟಿದರು. ಮರುವರ್ಷ, ತನ್ನ 47ನೆಯ ವಯಸ್ಸಿನಲ್ಲಿ, 18 ಮಂದಿ ಗೈಡುಗಳು ಮತ್ತು ಒಬ್ಬ ಸೇವಕನ ಜೊತೆ ಸೊಸ್ಯೂರ್ ತಾನೇ ಹತ್ತಿದ.

ಶಿಖರದ ಹತ್ತಿರದಲ್ಲಿ ಹದಿನೈದು ಹದಿನಾರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತೆಂದು ಅವನು ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಮೇಲೆ ಹೋದಮೇಲೆ ನಾಡಿ ಎಣಿಸಿದ. ತನ್ನದು ನೂರರ ಆಸುಪಾಸು. ಒಬ್ಬ ಗೈಡಿನದು 98. ಶಾಮೊನಿಗೆ ಇಳಿದು ವಿಶ್ರಾಂತಿ ಪಡೆದಮೇಲೆ ಮತ್ತೆ ಎಣಿಸಿದಾಗ ಸೊಸ್ಯೂರನ ನಾಡಿ 72, ಗೈಡಿನದು 49.

ಈ ಅಂಕಿಗಳನ್ನು ಮತ್ತೆ ನೋಡಿ. ಕೆಳಗೆ 49 ಬಡಿಯುವ ಹೃದಯ ಗಟ್ಟಿಮುಟ್ಟಾದ ಆಳಿನದು. ಮೇಲೆ ಅದೂ ಎರಡು ಪಟ್ಟು ಬಡಿಯುತ್ತಿತ್ತು. ಆ ಎತ್ತರದಲ್ಲಿ ಬೆಟ್ಟದಲ್ಲೇ ಹುಟ್ಟಿ ಬೆಳೆದವನಿಗೂ ಗಾಳಿ ತೆಳುವೇ. ಪೇಟೆಯವನು ದಣಿಯುತ್ತಾನೆ, ಬೆಟ್ಟದವನು ದಣಿಯುವುದಿಲ್ಲ ಎಂಬ ನಂಬಿಕೆಯನ್ನು ಈ ಎರಡು ಅಂಕಿಗಳೇ ಸುಳ್ಳು ಮಾಡುತ್ತವೆ. ವ್ಯತ್ಯಾಸವಿದ್ದದ್ದು ದಣಿವಿನಲ್ಲಲ್ಲ, ದಣಿದಮೇಲೆ ಇನ್ನೂ ಎಷ್ಟು ಉಳಿದಿದೆ ಎಂಬುದರಲ್ಲಿ.

*

ಆದರೆ ಮುಂದಿನ ಎಪ್ಪತ್ತು ಎಂಬತ್ತು ವರ್ಷ ಯಾರೂ ನಾಡಿ ನೋಡಿ ತೀರ್ಮಾನಿಸಲಿಲ್ಲ. ಗಂಡಸೋ ಹೆಂಗಸೋ, ಹಣವಿದೆಯೋ ಇಲ್ಲವೋ ಎಂದು ನೋಡಿದರು.

1808ರಲ್ಲಿ ಮರಿ ಪಾರಾದಿ ಎಂಬ ಶಾಮೊನಿಯ ಬಡ ಕೆಲಸದಾಕೆ ಊರಿನ ಗೈಡುಗಳ ಜೊತೆ ಮಾಂಟ್ ಬ್ಲಾಂಕ್ ಹತ್ತಿದಳು. ಆ ಶಿಖರ ಮುಟ್ಟಿದ ಮೊದಲ ಹೆಂಗಸು ಅವಳು. ಕೊನೆಯ ಹಂತದಲ್ಲಿ ಅವಳಿಗೆ ಹೆಜ್ಜೆ ಕಿತ್ತಿಡಲಾಗದೆ ಗಂಡಸರು ಎಳೆದುಕೊಂಡು, ಹೊತ್ತುಕೊಂಡು ಹೋದರು. ಅವಳು ಅದನ್ನು ಮುಚ್ಚಿಡಲಿಲ್ಲ. ಆಮೇಲೆ ಆ ಹೆಸರಿನಿಂದಲೇ ಪ್ರವಾಸಿಗರಿಗೆ ತಿಂಡಿತೀರ್ಥ ಮಾರಿ ನಾಲ್ಕು ಕಾಸು ಸಂಪಾದಿಸಿದಳು. ಹೊತ್ತುಕೊಂಡು ಹೋದದ್ದು ಏರಿದಂತಾಯಿತೆ ಎಂದು ಇಂದಿಗೂ ಕೆಲವರು ಕೊಂಕು ತೆಗೆಯುವುದುಂಟು.

ಮೂವತ್ತು ವರ್ಷದ ಮೇಲೆ, 1838ರ ಸೆಪ್ಟೆಂಬರಿನಲ್ಲಿ ಆಂರಿಯೆಟ್ ದಾಂಜವಿಲ್ ಬಂದಳು. ಶ್ರೀಮಂತ ಮನೆತನ, ವಯಸ್ಸು 44, ಮದುವೆಯಾಗಿರಲಿಲ್ಲ. ಆಕೆಗೆ ತಲೆ ಕೆಟ್ಟಿದೆ ಎಂದವರೇ ಹೆಚ್ಚು. ಆಕೆ ಆರು ಮಂದಿ ಗೈಡು, ಆರು ಮಂದಿ ಹೊರೆಯಾಳುಗಳನ್ನು ಗೊತ್ತುಮಾಡಿಕೊಂಡಳು. ಉಣ್ಣೆಯ ಒಳಪದರದ ಪಾಯಿಜಾಮದಂಥ ಉಡುಪನ್ನು ತಾನೇ ಹೊಲಿಸಿಕೊಂಡಳು. ಉಯಿಲನ್ನೂ ಬರೆದಿಟ್ಟಳು. ಶಿಖರದ ಹತ್ತಿರ ಅವಳ ಎದೆ ಬಡಿದುಕೊಂಡಿತು, ತಡೆಯಲಾರದ ನಿದ್ದೆ ಬಂತು. ಕೆಲವು ಹೆಜ್ಜೆ, ಒಂದು ಜೋಂಪು, ಮತ್ತೆ ಕೆಲವು ಹೆಜ್ಜೆ. ತಾನು ಸತ್ತರೆ ಹೆಣವನ್ನಾದರೂ ತುದಿಗೆ ಮುಟ್ಟಿಸಿ ಎಂದು ಗೈಡುಗಳಿಗೆ ಹೇಳಿದ್ದಳು. ಸಾಯಲಿಲ್ಲ, ತನ್ನ ಕಾಲಿನ ಮೇಲೆಯೇ ತುದಿ ಮುಟ್ಟಿದಳು. ಗೈಡುಗಳು ಅವಳನ್ನು ಹೆಗಲ ಮೇಲೆತ್ತಿ, ಈಗ ನೀವು ಮಾಂಟ್ ಬ್ಲಾಂಕಿಗಿಂತ ಎತ್ತರ ಎಂದು ಸಂಭ್ರಮಿಸಿದರು. ಕೆಳಗೆ ಬಂದಮೇಲೆ ಅವಳು ಊಟಕ್ಕೆ ಕರೆಸಿದವರಲ್ಲಿ ಮುದುಕಿಯಾಗಿದ್ದ ಮರಿ ಪಾರಾದಿಯೂ ಇದ್ದಳು. ದಾಂಜವಿಲ್ ಕೊನೆಯ ಬೆಟ್ಟ ಹತ್ತಿದ್ದು ತನ್ನ 69ನೆಯ ವಯಸ್ಸಿನಲ್ಲಿ.

ಇದರ ಪಕ್ಕದಲ್ಲಿ 1851ರ ಆಲ್ಬರ್ಟ್ ಸ್ಮಿತ್‌ನನ್ನು ಇಟ್ಟು ನೋಡಬೇಕು. ಲಂಡನ್ನಿನ ಈ ಹಾಸ್ಯ ಬರಹಗಾರ ಮತ್ತು ಮೂವರು ಜೊತೆಗಾರರಿಗೆ 16 ಮಂದಿ ಗೈಡುಗಳು, ಅವರ ಹಿಂದೆ ಹೊರೆಯಾಳುಗಳ ದಂಡು. ಬುತ್ತಿಯಲ್ಲಿ 46 ಕೋಳಿ, 60 ಬಾಟಲಿ ಸಾಧಾರಣ ವೈನು, ಅದರ ಮೇಲೆ ಬೆಲೆಬಾಳುವ ವೈನು ಬೇರೆ. ಮಂಪರು ಕವಿದ ಸ್ಮಿತ್ ಹೇಗೋ ತುದಿ ತಲುಪಿ ಅಲ್ಲೇ ಬಿದ್ದು ನಿದ್ದೆ ಹೋದ. ಊರಿಗೆ ಹೋಗಿ ಅದನ್ನೇ ಒಂದು ಪ್ರದರ್ಶನ ಮಾಡಿ, 1852ರಿಂದ ಆರು ವರ್ಷ ಲಂಡನ್ನಿನ ಈಜಿಪ್ಷಿಯನ್ ಹಾಲಿನಲ್ಲಿ ಸಾವಿರಾರು ಜನರ ಚಪ್ಪಾಳೆ ಗಿಟ್ಟಿಸಿದ. ಅವನು ತಕ್ಕವನೇ ಎಂದು ಕೇಳಿದವರು ಕಡಿಮೆ. ಮರಿ ಪಾರಾದಿಯನ್ನು ಎಲ್ಲರೂ ಕೇಳಿದರು.

*

ಈ ಸಾಲಿನಲ್ಲಿ ನಡುವೆ ಬಿಟ್ಟುಬಂದ ಒಂದು ವರ್ಷವಿದೆ, 1820. ಅರ್ಜಿಯ ಖಾಲಿ ಸಾಲು ನನ್ನನ್ನು ಚುಚ್ಚತೊಡಗಿದ್ದು ಆ ವರ್ಷದ ಕತೆ ಓದಿದಮೇಲೆ.

ಆ ಆಗಸ್ಟಿನಲ್ಲಿ ರಷ್ಯಾದ ಚಕ್ರವರ್ತಿಯ ಸೇವೆಯಲ್ಲಿದ್ದ ಡಾ. ಹಾಮೆಲ್ ಎಂಬ ವಿಜ್ಞಾನಿ, ಆಕ್ಸ್‌ಫರ್ಡಿನ ಇಬ್ಬರು ಇಂಗ್ಲಿಷರು ಮತ್ತು ಜಿನೀವಾದ ಸೆಲಿಗ್ ಎಂಬಾತ ಗೈಡುಗಳೊಡನೆ ಮಾಂಟ್ ಬ್ಲಾಂಕ್ ಹತ್ತಲು ಹೊರಟರು. ಗ್ರಾಂ ಮ್ಯುಲೆ ಎಂಬ ಬಂಡೆಗಳ ಹತ್ತಿರ ಬಿರುಗಾಳಿ ಮಳೆ ಅವರನ್ನು ತಡೆಯಿತು. ಎರಡು ರಾತ್ರಿ ಅಲ್ಲೇ ಕಳೆದರು. ಹೊಸ ಮಂಜು ದಪ್ಪಗೆ ಬಿದ್ದಿತ್ತು. ಗೈಡುಗಳಿಗೆ ಮುಂದೆ ಹೋಗುವ ಮನಸ್ಸಿರಲಿಲ್ಲ, ಪ್ರವಾಸಿಗರಿಗೆ ಹಿಂತಿರುಗುವ ಮನಸ್ಸಿರಲಿಲ್ಲ. ಹಾಮೆಲ್ ಗೈಡುಗಳನ್ನು ಹೇಡಿಗಳೆಂದು ಮೂದಲಿಸಿದನೆಂಬ ಮಾತು ಕಣಿವೆಯಲ್ಲಿ ಉಳಿದಿದೆ. ಜೊತೆಯಲ್ಲಿದ್ದ ಇಂಗ್ಲಿಷರು ಹಾಗಾಗಲಿಲ್ಲ ಎಂದಿದ್ದಾರೆ. ಮಾತು ಬಿತ್ತೋ ಇಲ್ಲವೋ, ಗೈಡುಗಳು ಮುಂದೆ ನಡೆದರು. ಸೆಲಿಗ್ ಮಾತ್ರ ಮೇಲೆ ಹೋಗಲು ಒಪ್ಪದೆ ಬಂಡೆಗಳ ಹತ್ತಿರವೇ ಉಳಿದುಬಿಟ್ಟ.

ಮೇಲಿನ ಇಳಿಜಾರನ್ನು ಅಡ್ಡಹಾಯುವಾಗ ಅವರ ಕಾಲ್ತುಳಿತಕ್ಕೇ ಹೊಸ ಮಂಜು ಜಾರಿತು. ಹಿಮಕುಸಿತ ಎಲ್ಲರನ್ನೂ ಎಳೆದೊಯ್ದಿತು. ಪಿಯೆರ್ ಬಾಲ್ಮಾ, ಪಿಯೆರ್ ಕ್ಯಾರಿಯೆ, ಒಗ್ಯುಸ್ತ್ ತೆರಾಜ್ ಎಂಬ ಮೂವರು ಗೈಡುಗಳು ಹಿಮಬಿರುಕಿನೊಳಗೆ ಮುಚ್ಚಿಹೋದರು. ಪ್ರವಾಸಿಗರೆಲ್ಲ ಬದುಕಿದರು.

ಹಿಮನದಿ ನಿಂತ ನೀರ್ಗಲ್ಲಲ್ಲ. ನಿಧಾನವಾಗಿ ಕೆಳಕ್ಕೆ ಹರಿಯುತ್ತದೆ. ಅದರ ವೇಗ ಅಳೆಯುತ್ತಿದ್ದ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್, ಈ ದೇಹಗಳು ಸುಮಾರು ನಲವತ್ತು ವರ್ಷಕ್ಕೆ ಕೆಳಗೆ ಹೊರಬೀಳಬಹುದೆಂದು ಲೆಕ್ಕ ಹಾಕಿದ್ದ. 1861ರಲ್ಲಿ ಬೊಸ್ಸೋಂ ಹಿಮನದಿಯ ಕೆಳತುದಿಯಲ್ಲಿ ಅವಶೇಷಗಳು ಕಾಣಿಸಿಕೊಳ್ಳತೊಡಗಿದವು. ಅಂದು ಬದುಕಿ ಬಂದಿದ್ದ ಗೈಡ್ ಕುಟೆ, ಈಗ ಮುದುಕ, ತನ್ನ ಜೊತೆಗಾರರನ್ನು ಗುರುತಿಸಿದ.

ದುರಂತದ ಮರುವರ್ಷ, 1821ರಲ್ಲಿ, ಶಾಮೊನಿಯ ಗೈಡುಗಳು ತಮ್ಮದೇ ಸಂಘ ಕಟ್ಟಿಕೊಂಡರು. ಜಗತ್ತಿನ ಅತಿ ಹಳೆಯ ಗೈಡುಗಳ ಸಂಘ ಅದು, ಇಂದಿಗೂ ಇದೆ. ಸರದಿಯ ಪ್ರಕಾರ ಕೆಲಸ ಹಂಚುವುದು, ಅಪಘಾತವಾದರೆ ಮನೆಯವರಿಗೆ ನೆರವಾಗುವ ನಿಧಿ, ಇವೆಲ್ಲ ಬಂದವು. ದೊಡ್ಡ ಏರಿಕೆಗೆ ಒಬ್ಬ ಪ್ರವಾಸಿಗೆ ನಾಲ್ವರು ಗೈಡು ಎಂಬ ನಿಯಮವೂ ಬಂತು. ಹಣ ಕೊಟ್ಟವರ ಹಟದ ಮುಂದೆ ಒಬ್ಬ ಗೈಡಿನ ಮಾತಿಗೆ ಬೆಲೆ ಇಲ್ಲವೆಂದು ಅವರು ಮೂರು ಜೀವ ತೆತ್ತು ಕಲಿತಿದ್ದರು.

*

ಇದನ್ನೋದುವಾಗ ನನಗೆ ನೆನಪಾದದ್ದು ಮಹಾಪ್ರಸ್ಥಾನ. ಕುಮಾರವ್ಯಾಸ ಗದಾಪರ್ವಕ್ಕೇ ಕತೆ ನಿಲ್ಲಿಸಿದ್ದರಿಂದ ಈ ಭಾಗವನ್ನು ನಾನು ಕೇಳಿದ್ದು ಅಜ್ಜಿಯ ಬಾಯಲ್ಲಿ. ಪಾಂಡವರು ಹಿಮವಂತವನ್ನು ದಾಟಿ ನಡೆಯುತ್ತಾರೆ. ಮೊದಲು ದ್ರೌಪದಿ ಬೀಳುತ್ತಾಳೆ, ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಯಾಕೆಂದು ಕೇಳುತ್ತಾನೆ. ಧರ್ಮರಾಯ ತಿರುಗಿ ನೋಡದೆ ಕಾರಣ ಹೇಳುತ್ತ ಹೋಗುತ್ತಾನೆ. ಅವಳಿಗೆ ಅರ್ಜುನನ ಮೇಲೆ ಪಕ್ಷಪಾತ. ಇವನಿಗೆ ಬುದ್ಧಿಯ ಗರ್ವ, ಅವನಿಗೆ ರೂಪದ ಗರ್ವ. ಅರ್ಜುನನದು ಬಡಾಯಿ. ಭೀಮನಿಗೆ ತಿಂಡಿಪೋತತನ, ತೋಳ್ಬಲದ ಜಂಬ.

ಬೆಟ್ಟದಲ್ಲಿ ಬಿದ್ದವರು ಗುಣದಲ್ಲಿ ಏನೋ ಕೊರತೆ ಇದ್ದವರು! ಪುರಾಣದಲ್ಲಿ ಇದಕ್ಕೆ ಬೇರೆಯೇ ಅರ್ಥವಿದೆ, ಅದು ಸ್ವರ್ಗದ ದಾರಿ. ಆದರೆ ನಮ್ಮ ನಿತ್ಯದ ಬೆಟ್ಟಗಳಲ್ಲೂ ನಾವು ಇದೇ ನ್ಯಾಯ ಹೇಳುತ್ತೇವೆ. ಹಿಂದೆ ಬಿದ್ದವರು ಸೋಮಾರಿ, ನಿಂತವರು ಹೇಡಿ, ಮೇಲೆ ಹೋದವರು ಧೀರರು. ದಮ್ಮಿನ ಪ್ರಶ್ನೆಯನ್ನು ಮಾನದ ಪ್ರಶ್ನೆ ಮಾಡಿಬಿಡುತ್ತೇವೆ. 1820ರಲ್ಲಿ ಮೂವರನ್ನು ಬಲಿ ತೆಗೆದುಕೊಂಡದ್ದರಲ್ಲಿ ಹೊಸ ಮಂಜಿನಷ್ಟೇ ಪಾಲು ಇದಕ್ಕೂ ಇದೆ. ನನ್ನ ಅರ್ಜಿಯ ಸಾಲನ್ನು ಖಾಲಿ ಬಿಡಿಸಿದ್ದೂ ಇದೇ.

*

ಹಾಗಾದರೆ ಮಾನ ಮರ್ಯಾದೆ ಬಿಟ್ಟು, ಬರೀ ಸಾಮರ್ಥ್ಯವನ್ನೇ ಅಳೆದರೆ ಸರಿಹೋಗುತ್ತದೆಯೆ? ಹಾಗೆ ಅಳೆದು ತಪ್ಪಿದ ಉದಾಹರಣೆಯೂ ಉಂಟು.

1865ರ ಜುಲೈ 14ರಂದು ಏಳು ಮಂದಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದರು. ಅವರಲ್ಲಿ 19 ವರ್ಷದ ಡಗ್ಲಸ್ ಹ್ಯಾಡೋ ಒಬ್ಬ. ಹೊರಡುವ ಮೊದಲು ಎಡ್ವರ್ಡ್ ವಿಂಪರ್ ಕೇಳಿದ್ದ: ಈ ಹುಡುಗನಿಗೆ ಆಗುತ್ತದೆಯೆ? ಹುಡುಗನನ್ನು ಕರೆತಂದಿದ್ದ ಪಾದ್ರಿ ಚಾರ್ಲ್ಸ್ ಹಡ್ಸನ್ ಆ ಕಾಲದ ಅತ್ಯುತ್ತಮ ಪರ್ವತಾರೋಹಿಗಳಲ್ಲಿ ಒಬ್ಬ. ಅವನ ಉತ್ತರ, ಹ್ಯಾಡೋ ಮಾಂಟ್ ಬ್ಲಾಂಕನ್ನು ಬಹಳ ಜನರಿಗಿಂತ ಕಡಿಮೆ ಹೊತ್ತಿನಲ್ಲಿ ಹತ್ತಿದ್ದಾನೆ. ಅಷ್ಟು ಸಾಕೆಂದು ಸೇರಿಸಿಕೊಂಡರು.

ಹುಡುಗನ ಎದೆಗೂಡಿನ ಬಗ್ಗೆ ಹಡ್ಸನ್ ಹೇಳಿದ್ದು ಸುಳ್ಳಲ್ಲ. ಆದರೆ ಮಾಂಟ್ ಬ್ಲಾಂಕಿನ ಮಂಜಿನಲ್ಲಿ ಬೇಕಾದದ್ದು ದಮ್ಮು. ಮ್ಯಾಟರ್‌ಹಾರ್ನಿನ ಕಲ್ಲಿನಲ್ಲಿ ಬೇಕಾದದ್ದು ಪಾದದ ಭರವಸೆ. ಇಳಿಯುವಾಗ ಶಾಮೊನಿಯ ಗೈಡ್ ಮಿಶೆಲ್ ಕ್ರೋ ತನ್ನ ಕೊಡಲಿಯನ್ನು ಪಕ್ಕಕ್ಕಿಟ್ಟು ಹ್ಯಾಡೋನ ಪಾದಗಳನ್ನು ಒಂದೊಂದಾಗಿ ಹಿಡಿದು ಕಲ್ಲಿನ ಮೇಲೆ ಇಡುತ್ತಿದ್ದ. ಹುಡುಗ ಜಾರಿದ. ಕ್ರೋ, ಹ್ಯಾಡೋ, ಹಡ್ಸನ್, 18 ವರ್ಷದ ಲಾರ್ಡ್ ಫ್ರಾನ್ಸಿಸ್ ಡಗ್ಲಸ್ ನಾಲ್ವರೂ ಉರುಳಿದರು. ಹಗ್ಗ ತುಂಡಾದ್ದರಿಂದ ಉಳಿದ ಮೂವರು ಬದುಕಿದರು.

ಇದರಲ್ಲಿ ಮೂರು ಪಾಠಗಳಿವೆ. ವೇಗ ಬೇರೆ, ಹೆಜ್ಜೆಯ ಹಿಡಿತ ಬೇರೆ. ಒಂದು ಬೆಟ್ಟದ ಸರ್ಟಿಫಿಕೇಟು ಇನ್ನೊಂದು ಬೆಟ್ಟಕ್ಕೆ ನಡೆಯುವುದಿಲ್ಲ. ಮತ್ತು ಪರೀಕ್ಷೆ ನಡೆಯುವುದು ಇಳಿಯುವಾಗ. ನನ್ನ ಕುಮಾರ ಪರ್ವತದ ನೆನಪು ಬಂತು. 1712 ಮೀಟರ್ ಎತ್ತರದ ಆ ಬೆಟ್ಟವನ್ನು ಹತ್ತಿದ್ದು ನಿಜ. ಆದರೆ ಇಳಿಯುವಾಗ ಮಂಡಿ ನಡುಗಿ, ಕೊನೆಯ ಒಂದು ಗಂಟೆ ಮರದ ಬೇರು ಹಿಡಿದುಕೊಂಡೇ ಬಂದಿದ್ದೆ. ಗೆಳೆಯ ಹೇಳಿದಾಗ ನೆನಪಾದದ್ದು ಹತ್ತಿದ್ದು ಮಾತ್ರ.

*

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಅಳತೆಯೂ ಸದ್ದಿಲ್ಲದೆ ಬೆಳೆಯಿತು. ಅದು ಮಾಮೂಲಿ ಜನರ ಅಳತೆ. 1863ರಲ್ಲಿ ಥಾಮಸ್ ಕುಕ್ ಸ್ವಿಟ್ಜರ್ಲೆಂಡಿಗೆ ಕರೆದೊಯ್ದ ಮೊದಲ ಪ್ರವಾಸಿ ತಂಡದಲ್ಲಿದ್ದ ಜೆಮೈಮಾ ಮೊರೆಲ್ ಎಂಬ ಯುವತಿ ಮತ್ತು ಗೆಳತಿಯರು ಉದ್ದ ಲಂಗ ಉಟ್ಟುಕೊಂಡೇ ಮೆರ್ ದ ಗ್ಲಾಸನ್ನು ಅಡ್ಡಹಾಯ್ದರು. ಕೀಲುನೋವಿಗೆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಬೆಟ್ಟಕ್ಕೆ ಬಂದ ಲೂಸಿ ವಾಕರ್, 1871ರಲ್ಲಿ ಮ್ಯಾಟರ್‌ಹಾರ್ನ್ ಮುಟ್ಟಿದ ಮೊದಲ ಹೆಂಗಸಾದಳು. ಕಾಯಿಲೆಯ ಸಾಲಿನಲ್ಲಿ ಬರೆಯಬೇಕಾದದ್ದೇ ಅವಳನ್ನು ಬೆಟ್ಟಕ್ಕೆ ಕಳಿಸಿತ್ತು.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟ. ಸಮನೆಲದಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೇರುವ ಪ್ರತಿ 300 ಮೀಟರಿಗೆ ಇನ್ನರ್ಧ ಗಂಟೆ. ಚಾರಣಿಗರು ಇಂದಿಗೂ ಬಳಸುವ ಈ ಸೂತ್ರವನ್ನು ಅವನು ಮಾಡಿದ್ದು ಮೈಕೈ ಸುಮಾರಾಗಿರುವ ಜನರಿಗೆ. ನನ್ನ ಅರ್ಜಿಯ ಮೊದಲ ಚೌಕದವರಿಗೆ, ಎಂದರೆ ಸಾಧಾರಣದವರಿಗೆ. ಆ ಚೌಕದಲ್ಲಿ ಅವಮಾನವೇನೂ ಇರಲಿಲ್ಲ. ಗೈಡುಗಳ ಲೆಕ್ಕಾಚಾರ ಶುರುವಾಗುವುದೇ ಅಲ್ಲಿಂದ.

ಹೊರಡಲು ಹತ್ತು ದಿನ ಇರುವಾಗ ನಾನು ಆ ಸಂಸ್ಥೆಗೆ ಮತ್ತೆ ಬರೆದೆ. ಉತ್ತಮ ಎಂದು ಹಾಕಿದ್ದು ತಪ್ಪು, ಸಾಧಾರಣ ಎಂದು ತಿದ್ದಿಕೊಳ್ಳಿ. ಉಬ್ಬಸವಿದೆ. ಇಳಿಜಾರಿನಲ್ಲಿ ಮಂಡಿ ನೋಯುತ್ತದೆ. ಇಷ್ಟು ಬರೆಯಲು ಅರ್ಧ ದಿನ ಹಿಡಿಯಿತು. ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಬಂದ ಉತ್ತರದಲ್ಲಿ ಬರೀ ಪ್ರಶ್ನೆಗಳಿದ್ದವು. ಬೆನ್ನಿಗೆ ಚೀಲ ಹಾಕಿಕೊಂಡು ಏರುದಾರಿಯಲ್ಲಿ ಎರಡು ಗಂಟೆ, ಪಕ್ಕದವರೊಡನೆ ಮಾತಾಡುತ್ತ ನಡೆಯಬಲ್ಲಿರಾ? ಮರುದಿನ ಎದ್ದು ಇನ್ನೊಮ್ಮೆ ನಡೆಯಬಲ್ಲಿರಾ? ಕಳೆದ ಒಂದು ವರ್ಷದಲ್ಲಿ ಉಬ್ಬಸಕ್ಕೆ ಆಸ್ಪತ್ರೆ ಸೇರಿದ್ದುಂಟೆ? ನಿಮ್ಮ ವೈದ್ಯರು ಏನನ್ನುತ್ತಾರೆ? ಕೊನೆಯ ಸಾಲು: ಇನ್‌ಹೇಲರನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ, ಯಾವ ಜೇಬೆಂದು ನನಗೆ ಹೇಳಿ.

ವೈದ್ಯರನ್ನು ಕಂಡೆ. ಚೀಲಕ್ಕೆ ಪುಸ್ತಕ ತುಂಬಿಕೊಂಡು ಹಾಸ್ಟೆಲಿನ ನಾಲ್ಕು ಮಹಡಿ ಹತ್ತಿಳಿದೆ. ಎಷ್ಟು ಬೇಗ ಎಂದು ನೋಡಲಿಲ್ಲ. ಮಾತು ತುಂಡಾಗದೆ ಎಷ್ಟು ಹೊತ್ತು ಎಂದು ನೋಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನ್ನ ಹಾಸಿಗೆ ಎಷ್ಟುದ್ದ ಎಂದು ಅಳೆದು ನೋಡಿದ್ದು ಅದೇ ಮೊದಲು.

*

ವಿಂಡಮ್ ಐದು ಗಂಟೆ ಹತ್ತಿದ ಮೊಂಟಾವೇರಿಗೆ 1909ರಿಂದ ರೈಲಿದೆ. ಇಪ್ಪತ್ತು ನಿಮಿಷದಲ್ಲಿ ಮೇಲಿರುತ್ತೀರಿ. ಆದರೆ ಹಿಮನದಿ ಕೆಳಗೆ, ತೀರಾ ಕೆಳಗೆ ಇಳಿದುಹೋಗಿದೆ. 1988ರಲ್ಲಿ ಅಲ್ಲಿನ ತೂಗುಗಾಡಿಯಿಂದ ಇಳಿದರೆ ಮಂಜಿಗೆ ಮೂರೇ ಮೆಟ್ಟಿಲು. ನಾನು ಹೋದಾಗ ಐನೂರಕ್ಕೂ ಹೆಚ್ಚು. ಮಂಜು ಕರಗುತ್ತ ಹೋದಂತೆ ಮೆಟ್ಟಿಲು ಸೇರಿಸುತ್ತ ಹೋಗಿದ್ದರು. ಯಾವ ವರ್ಷ ಮಂಜು ಎಲ್ಲಿಯವರೆಗಿತ್ತು ಎಂಬ ಫಲಕಗಳು ದಾರಿಯುದ್ದಕ್ಕೂ ಇದ್ದವು. ಹಿಮನದಿಗೆ ಯಾರು ತಕ್ಕವರು ಎಂಬ ಪ್ರಶ್ನೆಯನ್ನು ಈಗ ಭೂಮಿಯ ಕಾವೇ ತಿದ್ದಿ ಬರೆಯುತ್ತಿದೆ. ಅಜ್ಜಿ ಮೊಮ್ಮಕ್ಕಳು ಮೂರು ಮೆಟ್ಟಿಲಲ್ಲಿ ಮುಟ್ಟುತ್ತಿದ್ದ ಮಂಜು ನಾನು ಹೋದಾಗ ಗಟ್ಟಿ ಮಂಡಿ ಇದ್ದವರಿಗೆ ಮಾತ್ರ ಎಂಬಂತಾಗಿತ್ತು.

ನಮ್ಮ ಗೈಡ್ ಐವತ್ತು ದಾಟಿದ ಹೆಂಗಸು. ಮಾರ್ಟಿನ್ ರೊಲಾಂ ಫ್ರಾನ್ಸಿನ ಮೊದಲ ಮಹಿಳಾ ಪರ್ವತ ಗೈಡ್ ಆದದ್ದು 1983ರಲ್ಲಿ, ಮರಿ ಪಾರಾದಿ ಶಿಖರ ಮುಟ್ಟಿ 175 ವರ್ಷದ ಮೇಲೆ. ಆಕೆ ನಮ್ಮ ಬೂಟಿನ ದಾರ ನೋಡಿದಳು, ಮೊದಲ ಹತ್ತು ನಿಮಿಷ ನಮ್ಮೆಲ್ಲರ ಹಿಂದೆ ನಡೆದು ಪಾದ ಇಡುವ ಬಗೆ ನೋಡಿದಳು. ಆಮೇಲೆ ಹಗ್ಗದ ಸಾಲು ಮಾಡಿ ನನ್ನನ್ನು ತನ್ನ ಹಿಂದೆಯೇ ನಿಲ್ಲಿಸಿಕೊಂಡಳು. ಅತಿ ನಿಧಾನದವರ ನಡಿಗೆಯೇ ತಂಡದ ನಡಿಗೆ ಎಂದಳು, ಯಾರ ಮುಖವನ್ನೂ ನೋಡದೆ.

ಬಂಡೆಗೆ ಬಿಗಿದ ಕಬ್ಬಿಣದ ಏಣಿಗಳ ಮೇಲೆ ಕೆಳಗಿಳಿದು, ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಎರಡು ಗಂಟೆ ಮಂಜಿನ ಮೇಲೆ ನಡೆದೆವು. ಅಡಿಯಲ್ಲೆಲ್ಲೋ ನೀರು ಹರಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಂಜಿನ ಮೇಲೆ ನನಗೇನೂ ಆಗಲಿಲ್ಲ. ಆದದ್ದು ವಾಪಸು ಏಣಿ ಹತ್ತುವಾಗ. ಮೂರನೆಯ ಏಣಿಯ ಬುಡದಲ್ಲಿ ಎದೆಯೊಳಗೆ ಆ ಹಳೆಯ ಸಿಳ್ಳು ಕೇಳಿಸಿತು. ಮುಂದಿನ ತಿರುವಿನವರೆಗೆ ಹೋಗಿಬಿಡೋಣ, ಎಲ್ಲರೂ ಹತ್ತುತ್ತಿದ್ದಾರೆ, ಇನ್ನೇನು ಮುಗಿಯಿತು ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಹಿಂದೆ ಹಗ್ಗದಲ್ಲಿ ಐದು ಜನರಿದ್ದರು.

"ನಿಲ್ಲಿ" ಎಂದೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದರಿಂದ ಕನ್ನಡದಲ್ಲೇ ಬಂತು. ಆದರೂ ಎಲ್ಲರಿಗೂ ಅರ್ಥವಾಯಿತು. ಗೈಡ್ ಎಡಗಡೆಯ ಒಳಜೇಬಿನತ್ತ ಬೆರಳು ತೋರಿಸಿದಳು. ಇನ್‌ಹೇಲರನ್ನು ಎರಡು ಸಲ ಎಳೆದುಕೊಂಡು ಹತ್ತು ನಿಮಿಷ ಕಲ್ಲಿಗೆ ಒರಗಿ ಕೂತೆ. ಹಿಂದಿದ್ದವರಲ್ಲಿ ಒಬ್ಬ, ಅರ್ಜಿಯಲ್ಲಿ ಅತ್ಯುತ್ತಮ ಎಂದು ಹಾಕಿದ್ದವನು, ತಾನೂ ಕೂತು ಬಾಟಲಿ ತೆಗೆದ. ತನಗೂ ನಿಲ್ಲಬೇಕಾಗಿತ್ತು ಎಂದ.